ಮೂಡ್ಲ ಮೆಂಬರಾದದ್ದು, ಕೊಡಗಳು ಮೀಟಿಂಗಿಗೆ ಹೋದದ್ದು

ಹೊಂಗೆಕಟ್ಟೆಯ ಕೆಳಗೇರಿಯವರು ಮಾಡಿದ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಓಟು ಹಾಕಿದರು, ಮನೆಗೆ ಹೋದರು, ಬಾಗಿಲು ಹಾಕಿಕೊಂಡರು. ಅಷ್ಟೇ. ಕಳ್ಳತನ ಮಾಡಲಿಲ್ಲ, ಯಾರ ತಲೆಯನ್ನೂ ಒಡೆಯಲಿಲ್ಲ. ಓಟು ಹಾಕಿ ಮನೆಗೆ ಹೋದರು. ಅದಕ್ಕೇ ಅವರ ನೀರು ಇವತ್ತಿಗೂ ಇನ್ನೊಬ್ಬನ ಇಟ್ಟಿಗೆಗೆ ಹೋಗುತ್ತಿದೆ.

ನಗಬೇಡಿ. ನೀವೂ ಅದನ್ನೇ ಮಾಡಿದ್ದೀರಿ. ನಗಲೇಬೇಕು ಅಂದರೆ ಮೂಡ್ಲನ ಕತೆ ಹೇಳುತ್ತೇನೆ, ಅದಕ್ಕೆ ನಗಿ.

ಮೂಡ್ಲ ಅಂದರೆ ಕೆಳಗೇರಿಯ ಈರಾಜಮ್ಮನ ಒಬ್ಬನೇ ಮಗ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಆದರೆ ಹೇಳಿದ್ದು ಮಾಡುವವನು. ಹೇಳಿದ್ದನ್ನೇ ಮಾಡುವವನು. ಹೇಳಿದ್ದಕ್ಕಿಂತ ಒಂದು ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. "ಬಾಗಿಲು ನೋಡ್ಕೊ" ಅಂತ ಹೇಳಿ ತಾಯಿ ಕೂಲಿಗೆ ಹೋದರೆ, ಸಂಜೆ ಬಂದಾಗ ಮನೆಯೊಳಗೆ ಮೇಕೆ ತುಂಬಿಕೊಂಡಿರುತ್ತಿದ್ದವು. ಮೂಡ್ಲ ಎದುರಿಗೆ ಕೂತು ಬಾಗಿಲನ್ನೇ ನೋಡುತ್ತಿರುತ್ತಿದ್ದ.

"ಯಾವ ಜನ್ಮದ ಕರ್ಮನಪ್ಪ ಇವನು!" ಅಂತ ಈರಾಜಮ್ಮ ಹಣೆ ಚಚ್ಚಿಕೊಳ್ಳುತ್ತಿದ್ದಳು.

ಕೆಳಗೇರಿಗೆ ನಲ್ಲಿ ಇರಲಿಲ್ಲ. ಮೇಲ್ಗೇರಿಗೆ ಮನೆಮನೆಗೂ ಇತ್ತು. ಕೆಳಗೇರಿಗೆ ಅಂತ ಇದ್ದದ್ದು ಊರಾಚೆಯ ಒಂದು ತೊಂಬೆ. ಸಿಮೆಂಟಿನ ಆ ತೊಟ್ಟಿಯ ಪಕ್ಕದಲ್ಲೇ ಕಾಂಟ್ರಾಕ್ಟರ್ ಪರಮೇಶಿಯ ಇಟ್ಟಿಗೆ ಗೂಡು. ನೀರುಗಂಟಿ ಪೈಪು ತಿರುಗಿಸಿದಾಗ ನೀರು ಮೊದಲು ಗೂಡಿಗೆ ಹೋಗಬೇಕು, ಇಟ್ಟಿಗೆಯ ಮಣ್ಣು ನೆನೆಯಬೇಕು, ಆಮೇಲೆ ಉಳಿದರೆ ತೊಂಬೆಗೆ. ಅದು ಯಾವಾಗ ಬರುತ್ತದೋ ಯಾರಿಗೂ ಗೊತ್ತಿಲ್ಲ. ಹಾಗಾಗಿ ಹೆಂಗಸರು ಬೆಳಗಾಗುತ್ತಲೇ ತಂತಮ್ಮ ಖಾಲಿ ಕೊಡವನ್ನು ಸಾಲಿನಲ್ಲಿ ಇಟ್ಟು ಕೂಲಿಗೆ ಹೋಗುತ್ತಿದ್ದರು. ಕೊಡ ಇದ್ದರೆ ಪಾಳಿ ಇದ್ದಂತೆ. ನಿನ್ನ ಬದಲು ನಿನ್ನ ಕೊಡ ನಿಂತಿರುತ್ತದೆ. ಅದನ್ನು ಯಾರೂ ಮುಟ್ಟುವಂತಿಲ್ಲ, ಹಿಂದಕ್ಕೆ ತಳ್ಳುವಂತಿಲ್ಲ. ಕೆಳಗೇರಿಯಲ್ಲಿ ಇದು ಕೋರ್ಟಿನ ಕಾನೂನಿಗಿಂತ ಗಟ್ಟಿ.

ಒಂದು ದಿನ ಈರಾಜಮ್ಮ ಮಗನನ್ನು ಸಾಲಿಗೆ ಕಳಿಸಿದಳು. "ನೋಡ್ಲಾ, ಕೊಡ ಇಟ್ಟ ಜಾಗದಿಂದ ಯಾರೇ ಬಂದ್ರೂ ಅಲ್ಲಾಡ್ಸಬಾರ್ದು!"

"ಆಗ್ಲಿ ಕಣವ್ವ!"

ನೀರು ಬಂತು. ಮುಂದಿನ ಕೊಡಗಳು ತುಂಬಿದವು, ಸಾಲು ಮುಂದಕ್ಕೆ ಹೋಯಿತು. ಮೂಡ್ಲ ತನ್ನ ಕೊಡವನ್ನು ತಬ್ಬಿಕೊಂಡು ಕೂತ.

"ಏ ಮೂಡ್ಲ, ಮುಂದಕ್ಕೆ ಹೋಗ್ಲಾ!"

"ಅಲ್ಲಾಡ್ಸಬಾರ್ದು!"

"ನಿಂದೇ ಪಾಳಿ ಕಣ್ಲಾ!"

"ಅಲ್ಲಾಡ್ಸಬಾರ್ದು!"

ಎಲ್ಲರೂ ಅವನನ್ನು ಸುತ್ತಿಕೊಂಡು ಹೋಗಿ ನೀರು ಹಿಡಿದುಕೊಂಡರು. ನೀರು ನಿಂತಿತು. ಈರಾಜಮ್ಮ ಬಂದು ನೋಡಿದರೆ ಬಯಲಿನ ಮಧ್ಯೆ ಒಣಗಿದ ಕೊಡ, ಅದನ್ನು ತಬ್ಬಿಕೊಂಡ ಮಗ.

"ಅಯ್ಯೋ ನಿನ್ನ ಬಾಯಿಗೆ ಮಣ್ಣು ಹಾಕ! ಮುಂದಿರೋರು ಏನು ಮಾಡ್ತಾರೋ ನೋಡಿ ಅದನ್ನ ಮಾಡ್ಬೇಕು ಕಣೋ!"

"ಆಗ್ಲಿ ಕಣವ್ವ, ಇನ್ಮೇಲೆ ಹಂಗೇ ಮಾಡ್ತೀನಿ."

ಅಷ್ಟರಲ್ಲಿ ಪಂಚಾಯ್ತಿ ಎಲೆಕ್ಷನ್ ಬಂತು. ಆ ಸಾರಿ ಕೆಳಗೇರಿಯ ಸೀಟು ಮೀಸಲಾಯಿತು. ಪರಮೇಶಿ ಮೇಲ್ಗೇರಿಯವನು, ನಿಲ್ಲುವಂತಿಲ್ಲ. ತನ್ನ ಬದಲು ಯಾರನ್ನು ನಿಲ್ಲಿಸಲಿ ಅಂತ ಯೋಚನೆ ಮಾಡಿದ. ಈ ಊರಲ್ಲಿ ಹೇಳಿದ್ದನ್ನು ಹೇಳಿದ ಹಾಗೆ ಮಾಡುವವನು ಯಾರು? ಎದುರು ಮಾತಾಡದವನು ಯಾರು? ಹುಡುಕುವುದೇ ಬೇಕಿರಲಿಲ್ಲ. ಮೂಡ್ಲನಿಗೆ ಬಿಳಿ ಅಂಗಿ ಹೊಲಿಸಿದ, ಅರ್ಜಿ ಹಾಕಿಸಿದ.

ಕೆಳಗೇರಿ ಮೊದಲು ಬಿದ್ದು ಬಿದ್ದು ನಕ್ಕಿತು. ಆಮೇಲೆ ಹಜಾಮ ದಾಸಣ್ಣ ಒಂದು ಮಾತು ಹೇಳಿದ.

"ನಗಬ್ಯಾಡ್ರಿ. ಇಷ್ಟು ವರ್ಷ ಬುದ್ಧಿವಂತ್ರನ್ನೇ ಗೆಲ್ಲಿಸಿದ್ವಿ. ಒಬ್ಬನಾದ್ರೂ ನಾವು ಹೇಳಿದ್ದು ಮಾಡಿದ್ನಾ? ಇವನು ಹೇಳಿದ್ದು ಮಾಡ್ತಾನೆ. ಪರಮೇಶಿ ಹೇಳಿದ್ರೆ ಪರಮೇಶಿದು ಮಾಡ್ತಾನೆ, ನಾವು ಹೇಳಿದ್ರೆ ನಮ್ದು ಮಾಡ್ತಾನೆ. ನಾವು ಹೇಳಿದ್ರಾಯ್ತು!"

ಸರಿಯಾದ ಮಾತು. ಈ ಕತೆಯಲ್ಲಿ ಯಾರಾದರೂ ಆಡಿದ ಎಲ್ಲಕ್ಕಿಂತ ಬುದ್ಧಿವಂತಿಕೆಯ ಮಾತು ಇದೇ. ಆಡಿದ ದಾಸಣ್ಣನೇ ಆಮೇಲೆ ಅದನ್ನು ಮರೆತ.

ಪ್ರಚಾರ ಶುರುವಾಯಿತು. ಮುಂದೆ ಪರಮೇಶಿ, ಹಿಂದೆ ಮೂಡ್ಲ. ಮುಂದಿರುವವರು ಮಾಡಿದ್ದನ್ನು ಮಾಡಬೇಕು ಅಂತ ತಾಯಿ ಹೇಳಿದ್ದಾಳಲ್ಲ? ಪರಮೇಶಿ ಕೈ ಮುಗಿದ, ಮೂಡ್ಲ ಕೈ ಮುಗಿದ. ಪರಮೇಶಿ ಎಲೆಯಡಿಕೆ ಉಗಿದ, ಮೂಡ್ಲ ಬರೀ ಬಾಯಲ್ಲಿ ಉಗಿದ. ಪರಮೇಶಿ ಕುತ್ತಿಗೆಯ ಮೇಲೆ ಸೊಳ್ಳೆ ಹೊಡೆದುಕೊಂಡ, ಮೂಡ್ಲನೂ ಕುತ್ತಿಗೆಗೆ ಪಟ್ ಅಂತ ಬಾರಿಸಿಕೊಂಡ. ಮುದುಕಿ ಸಣ್ಣೀರಮ್ಮನ ಮನೆ ಬಂತು. ಪರಮೇಶಿ ಅವಳ ಕಾಲಿಗೆ ಬಿದ್ದ. ಮೂಡ್ಲನೂ ಬಿದ್ದ.

"ಅವ್ವಾ, ನಿಮ್ಮ ಬೀದಿಗೆ ನಲ್ಲಿ ಹಾಕ್ಸೋದೇ ನಮ್ಮ ಮೊದಲ್ನೇ ಕೆಲಸ!" ಅಂದ ಪರಮೇಶಿ.

"ಅವ್ವಾ, ನಿಮ್ಮ ಬೀದಿಗೆ ನಲ್ಲಿ ಹಾಕ್ಸೋದೇ ನಮ್ಮ ಮೊದಲ್ನೇ ಕೆಲಸ!" ಅಂದ ಮೂಡ್ಲ.

ಪರಮೇಶಿ ಏಳುತ್ತಾ ತನ್ನ ಆಳಿನ ಕಿವಿಯಲ್ಲಿ ಮೆಲ್ಲಗೆ ಹೇಳಿದ. "ಈ ಮುದುಕಿ ಓಟು ಬಿದ್ರೆ ಸಾಕು. ನಲ್ಲಿನೂ ಇಲ್ಲ, ಗಿಲ್ಲಿನೂ ಇಲ್ಲ."

ಮೂಡ್ಲ ಕೈ ಮುಗಿದು, ಬೀದಿಗೆಲ್ಲ ಕೇಳುವ ಹಾಗೆ ಕೂಗಿದ. "ಈ ಮುದುಕಿ ಓಟು ಬಿದ್ರೆ ಸಾಕು! ನಲ್ಲಿನೂ ಇಲ್ಲ, ಗಿಲ್ಲಿನೂ ಇಲ್ಲ!"

ಪರಮೇಶಿಯ ಮುಖ ಸುಟ್ಟ ಇಟ್ಟಿಗೆಯ ಹಾಗಾಯಿತು. ಜನ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕರು. ನಿಜ ಹೇಳುವ ಅಭ್ಯರ್ಥಿಯನ್ನು ಅವರು ಯಾವತ್ತು ಕಂಡಿದ್ದರು? ಓಟು ಮೂಡ್ಲನಿಗೇ ಗಟ್ಟಿಯಾಯಿತು. ಒಬ್ಬರಿಗಾದರೂ ಆ ಮಾತು ಕೇಳಿ ಸಿಟ್ಟು ಬಂತೇ? ಇಲ್ಲ. ನಗು ಬಂತು.

ಮನೆಯಲ್ಲಿ ಈರಾಜಮ್ಮ ಪೊರಕೆ ಹಿಡಿದು ನಿಂತಿದ್ದಳು. "ಅಯ್ಯೋ ನಿನ್ನ ಬಾಯಿಗೆ ಮಣ್ಣು ಹಾಕ! ದೊಡ್ಡೋರ ಮುಂದೆ ಬಾಯಿ ಮುಚ್ಕೊಂಡಿರ್ಬೇಕು ಕಣೋ!"

"ಆಗ್ಲಿ ಕಣವ್ವ, ಇನ್ಮೇಲೆ ಹಂಗೇ ಮಾಡ್ತೀನಿ."

ಮೂಡ್ಲ ಗೆದ್ದ. ಭುಜದ ಮೇಲೆ ಹೊತ್ತರು, ತಮಟೆ ಬಡಿದರು, ಬಾಡೂಟ ಉಂಡರು. ಕೈ ತೊಳೆದುಕೊಂಡರು. ಮನೆಗೆ ಹೋದರು.

ಮೊದಲನೇ ಮೀಟಿಂಗು. ಅಧ್ಯಕ್ಷರ ಕುರ್ಚಿಯಲ್ಲಿ ಅಧ್ಯಕ್ಷೆಯ ಗಂಡ ಕೂತಿದ್ದ. ಗೆದ್ದವಳು ಹೆಂಡತಿ, ಅವಳು ಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದಳು. ಪರಮೇಶಿ ಮೆಂಬರಲ್ಲ, ಆದರೂ ಅವನಿಗೊಂದು ಕುರ್ಚಿ ಇತ್ತು, ಮೂಡ್ಲನ ಪಕ್ಕದಲ್ಲೇ. ಬೋಂಡ ಬಂತು. ಮೂಡ್ಲ ಬಾಯಿ ತೆರೆಯಲಿಲ್ಲ. ಟೀ ಬಂತು. ಬಾಯಿ ತೆರೆಯಲಿಲ್ಲ. ಹೊಸ ಪೈಪು ಲೈನಿನ ವಿಷಯ ಬಂತು.

"ಏನಪ್ಪ ಕೆಳಗೇರಿ ಮೆಂಬರ್ರು, ನಿಮ್ಮ ಬೀದಿಗೆ ನಲ್ಲಿ ಬೇಕಾ?" ಅಂತ ಅಧ್ಯಕ್ಷೆಯ ಗಂಡ ಕೇಳಿದ.

ಮೂಡ್ಲ ತುಟಿ ಬಿಗಿಹಿಡಿದ.

"ಬ್ಯಾಡ್ವಾ?"

ಮೂಡ್ಲ ತುಟಿಗಳ ಮೇಲೆ ಬೆರಳೂ ಇಟ್ಟುಕೊಂಡ.

"ಬ್ಯಾಡ್ವಂತೆ, ಬರ್ಕೊಳ್ರಿ. ಲೈನು ಪರಮೇಶಣ್ಣನ ಗೂಡಿಗೆ ಹೋಗ್ಲಿ."

ಸುದ್ದಿ ಕೇಳಿ ಈರಾಜಮ್ಮ ಎದೆ ಬಡಿದುಕೊಂಡಳು. "ಬಾಯಿ ಹೊಲ್ಕೊಂಡು ಕೂತ್ಯಲ್ಲೋ! ಮಾತು ಬರ್ದೇ ಇದ್ರೆ ಕೈ ಎತ್ತಬೇಕು ಕಣೋ! ಎತ್ತಿದ ಕೈ ಇಳಿಸ್ಬಾರ್ದು!"

"ಆಗ್ಲಿ ಕಣವ್ವ, ಇನ್ಮೇಲೆ ಹಂಗೇ ಮಾಡ್ತೀನಿ."

ಮುಂದಿನ ಮೀಟಿಂಗಿಗೆ ಮೂಡ್ಲ ಮನೆಯಿಂದಲೇ ಕೈ ಎತ್ತಿಕೊಂಡು ಹೊರಟ. ರಸ್ತೆಯಲ್ಲಿ ಬಸ್ಸು ನಿಂತಿತು.

"ಹತ್ತಯ್ಯ!" ಅಂದ ಕಂಡಕ್ಟರ್.

"ಹತ್ತಲ್ಲ."

"ಮತ್ತೆ ಕೈ ಯಾಕೆ ತೋರಿಸ್ದೆ?"

"ನಮ್ಮವ್ವ ಹೇಳವ್ಳೆ."

ಹಿಂದೆ ಬಂದ ಲಾರಿ ನಿಂತಿತು. ಟ್ರ್ಯಾಕ್ಟರ್ ನಿಂತಿತು. ರಸ್ತೆಗೆ ರಸ್ತೆಯೇ ನಿಂತು ಮೂಡ್ಲನ ತಾಯಿಯನ್ನು ಬೈಯಿತು.

ಮೀಟಿಂಗಿನಲ್ಲಿ ಅಧ್ಯಕ್ಷೆಯ ಗಂಡ ಕೇಳಿದ. "ಬ್ಯಾಸಗೆ ಮುಗಿಯೋತನಕ ತೊಂಬೆ ನೀರು ನಿಲ್ಸಿ, ಅದನ್ನೂ ಗೂಡಿಗೆ ಬಿಡೋಕೆ ಒಪ್ಪೋರು ಕೈ ಎತ್ರಿ."

ಮೂಡ್ಲನ ಕೈ ಮೇಲೇ ಇತ್ತು.

"ಬ್ಯಾಡ ಅನ್ನೋರು?"

ಮೂಡ್ಲನ ಕೈ ಮೇಲೇ ಇತ್ತು.

"ಎರಡಕ್ಕೂ ಎತ್ತೀಯಲ್ಲಯ್ಯ?"

"ಇಳಿಸ್ಬಾರ್ದು!" ಅಂದ ಮೂಡ್ಲ.

"ಮೊದಲ್ನೇದಕ್ಕೇ ಬರ್ಕೊಳ್ರಿ."

ತೊಂಬೆ ಒಣಗಿತು. ಆಗ ಕೆಳಗೇರಿಗೆ ಸಿಟ್ಟು ಬಂತು, ನೋಡಿ! ಯಾರ ಮೇಲೆ? ಗೂಡಿನ ಮೇಲಲ್ಲ, ಪಂಚಾಯ್ತಿಯ ಮೇಲಲ್ಲ. ಈರಾಜಮ್ಮನ ಗುಡಿಸಲಿನ ಮೇಲೆ.

"ಓಟು ಹಾಕಿದ್ದಕ್ಕೆ ಇದಾ ನೀನು ಮಾಡೋದು?" ಅಂದ ದಾಸಣ್ಣ.

"ಬಡ್ಡೀಮಗನೇ, ನಮ್ಮನ್ನ ಒಂದು ಮಾತು ಕೇಳಿದ್ಯಾ?" ಅಂದಳು ಸಣ್ಣೀರಮ್ಮ.

ಬೈದು ಸುಸ್ತಾಗಿ ಮನೆಗೆ ಹೋದರು. ಈರಾಜಮ್ಮ ಮಗನ ಕಿವಿ ಹಿಡಿದಳು. "ಕೇಳಿಸ್ತಾ? ಓಟು ಹಾಕ್ದೋರ ಮನೆಮನೆಗೂ ಹೋಗು. ಏನಾಗ್ಬೇಕು ಅಂತ ಕೇಳು. ಅವರೇನು ಹೇಳ್ತಾರೋ ಅದನ್ನ ಮಾಡು."

"ಆಗ್ಲಿ ಕಣವ್ವ, ಇನ್ಮೇಲೆ ಹಂಗೇ ಮಾಡ್ತೀನಿ."

ಇಲ್ಲಿ ನಿಲ್ಲಿ. ಮೆಂಬರೊಬ್ಬ ಗೆದ್ದ ಮೇಲೆ ಓಟು ಹಾಕಿದವರ ಬಾಗಿಲಿಗೆ ಹೋಗಿ "ಏನಾಗ್ಬೇಕು?" ಅಂತ ಕೇಳಿದ್ದನ್ನು ಯಾವ ಊರಲ್ಲಿ ನೋಡಿದ್ದೀರಿ? ಹೊಂಗೆಕಟ್ಟೆಯಲ್ಲಿ ಅದು ನಡೆಯಿತು. ಕೇಳಿದವನು ಪೆದ್ದ. ಕೇಳಿಸಿಕೊಂಡವರೆಲ್ಲ ಬುದ್ಧಿವಂತರು. ಏನಾಯಿತು ಅಂತ ಕೇಳಿ.

ಸಣ್ಣೀರಮ್ಮನ ಮನೆ. "ಅಜ್ಜಿ, ಏನಾಗ್ಬೇಕು?"

"ನನ್ನ ಮೇಕೆ ತಪ್ಪಿಸ್ಕೊಂಡೈತೆ, ಹಿಡ್ಕೊಂಡು ಬಾರಪ್ಪ."

ಹಿಡಿದುಕೊಂಡು ಬಂದ.

ದಾಸಣ್ಣನ ಮನೆ. "ಅಣ್ಣಾ, ಏನಾಗ್ಬೇಕು?"

"ನಮ್ಮ ಅಳಿಯನಿಗೆ ಪಂಚಾಯ್ತಿಯಾಗೆ ಒಂದು ಕೆಲಸ ಕೊಡ್ಸು. ಅಲ್ಲೀತನಕ ಈ ಬೆನ್ನು ಸ್ವಲ್ಪ ತಿಕ್ಕು."

ತಿಕ್ಕಿದ.

ಮುಂದಿನ ಮನೆ. ಟೀವಿಯಲ್ಲಿ ಧಾರಾವಾಹಿ ಬರುತ್ತಿತ್ತು. "ಅಕ್ಕಾ, ಏನಾಗ್ಬೇಕು?"

"ಪಕ್ಕಕ್ಕೆ ನಿಂತ್ಕೋ, ಮರೆ ಆಗ್ತೀಯ!"

ಪಕ್ಕಕ್ಕೆ ನಿಂತ. ಧಾರಾವಾಹಿ ಮುಗಿಯುವ ತನಕ ಪಕ್ಕದಲ್ಲೇ ನಿಂತ.

ಇನ್ನೊಂದು ಮನೆ. "ನಮ್ಮನ್ನೇನು ಕೇಳ್ತೀಯ? ಓಟು ಹಾಕಿದ್ದಾಯ್ತಲ್ಲ, ಹೋಗು."

ಹೋದ.

ಅವರೆ ಸುಲಿದ, ಮಗು ತೂಗಿದ, ಸೌದೆ ಒಡೆದ. ಬೀದಿಯ ಕೊನೆ ಮುಟ್ಟುವಷ್ಟರಲ್ಲಿ ಬಿಳಿ ಅಂಗಿ ಮಣ್ಣಾಗಿತ್ತು. ನಲ್ಲಿ ಅಂತ ಒಂದು ಬಾಯಿಯಾದರೂ ಅಂದಿರಲಿಲ್ಲ.

ಆ ಸಂಜೆ ಮನೆಯಲ್ಲಿ ಹನಿ ನೀರಿರಲಿಲ್ಲ. ಈರಾಜಮ್ಮ ಕೊಡ ತಗೊಂಡು ಇಟ್ಟಿಗೆ ಗೂಡಿನ ಮಣ್ಣಿನ ಗುಂಡಿಗೆ ಇಳಿದಳು. ಅಲ್ಲಿ ಕೆಸರಿನ ಮೇಲೆ ಒಂದಿಷ್ಟು ನೀರು ನಿಂತಿತ್ತು. ಕಾಲು ಜಾರಿತು. ಬಲಗೈ ಮುರಿಯಿತು.

ಕೈಗೆ ಬಿದಿರು ದಬ್ಬೆ ಕಟ್ಟಿ ಮನೆಗೆ ಕರೆತಂದರು. ಮೂಡ್ಲ ತಾಯಿಯ ಮುಂದೆ ಕೂತ. "ಅವ್ವಾ, ಏನಾಗ್ಬೇಕು?" ಅಂದ. ಹೇಳಿದ್ದು ಅದನ್ನೇ ಅಲ್ಲವೇ?

ಈರಾಜಮ್ಮನಿಗೆ ಈ ಸಾರಿ ಬೈಯಲು ಶಕ್ತಿ ಇರಲಿಲ್ಲ. ಅಳು ಬಂತು. "ಏನಾಗ್ಬೇಕು ಅಂತ ಕೇಳ್ತೀಯಲ್ಲೋ... ನೀರಾಗ್ಬೇಕು ಕಣಪ್ಪ. ನಿನ್ನನ್ನ ಮೀಟಿಂಗಿಗೆ ಕಳ್ಸೋದಕ್ಕಿಂತ ಒಂದು ಖಾಲಿ ಕೊಡ ಕಳ್ಸಿದ್ರೆ ವಾಸಿಯಾಗಿತ್ತು. ಅದಾದ್ರೂ ನಮ್ಮ ಪಾಳಿ ಹಿಡ್ಕೊಂಡು ನಿಂತಿರ್ತಿತ್ತು."

"ಆಗ್ಲಿ ಕಣವ್ವ," ಅಂದ ಮೂಡ್ಲ. "ಇನ್ಮೇಲೆ ಹಂಗೇ ಮಾಡ್ತೀನಿ."

ಮೀಟಿಂಗಿನ ದಿನ ಬೆಳಿಗ್ಗೆ ಮೂಡ್ಲ ಒಂದು ತಳ್ಳುಗಾಡಿ ತಂದ. ಒಣಗಿದ ತೊಂಬೆಯ ಮುಂದೆ ಸಾಲಾಗಿ ನಿಂತಿದ್ದ ಕೆಳಗೇರಿಯ ಕೊಡಗಳನ್ನೆಲ್ಲ ತುಂಬಿಕೊಂಡ. ನೀರು ಬರುವುದಿಲ್ಲ ಅಂತ ಗೊತ್ತಿದ್ದರೂ ಜನ ಕೊಡ ಇಡುವುದನ್ನು ಬಿಟ್ಟಿರಲಿಲ್ಲ. ಪಂಚಾಯ್ತಿ ಆಫೀಸಿನಲ್ಲಿ ತನ್ನ ಕುರ್ಚಿಯ ಮೇಲೆ ತಾಯಿಯ ಕೊಡ ಇಟ್ಟ. ಅದರ ಹಿಂದೆ ಸಣ್ಣೀರಮ್ಮನದು, ಅದರ ಹಿಂದೆ ದಾಸಣ್ಣನ ಹೆಂಡತಿಯದು. ಸಾಲು ಮೀಟಿಂಗಿನ ಕೋಣೆಯಿಂದ ಬಾಗಿಲು ದಾಟಿ ಜಗುಲಿಗೆ ಬಂತು, ಜಗುಲಿ ಇಳಿದು ರಸ್ತೆಗೆ ಬಂತು. ಯಾರ ಪಾಳಿಯೂ ಹಿಂದೆಮುಂದೆ ಆಗಲಿಲ್ಲ.

"ಏನಯ್ಯ ಇದು?" ಅಂತ ಪರಮೇಶಿ ಎಗರಿದ.

"ಕೆಳಗೇರಿ," ಅಂದ ಮೂಡ್ಲ.

ಇತ್ತ ತೊಂಬೆಯ ಹತ್ತಿರ ಬಂದ ಹೆಂಗಸರಿಗೆ ಜೀವ ಬಾಯಿಗೆ ಬಂತು. ನೀರಿಲ್ಲದಿದ್ದರೆ ಅಭ್ಯಾಸವಿದೆ, ಕೊಡವೇ ಇಲ್ಲ ಅಂದರೆ? "ಆ ಹಾಳಾದೋನು ಗಾಡಿಯಾಗೆ ತಗೊಂಡು ಹೋದ" ಅಂತ ಯಾರೋ ಅಂದರು. ಇಡೀ ಕೆಳಗೇರಿ ಸೆರಗು ಕಟ್ಟಿಕೊಂಡು ಪಂಚಾಯ್ತಿ ಆಫೀಸಿಗೆ ನುಗ್ಗಿತು. ಮುಂದೆ ಸಣ್ಣೀರಮ್ಮ, ಕೈಗೆ ದಬ್ಬೆ ಕಟ್ಟಿಕೊಂಡ ಈರಾಜಮ್ಮ. ಒಬ್ಬೊಬ್ಬರೂ ತಂತಮ್ಮ ಕೊಡ ಗುರುತು ಹಿಡಿದು ಅದರ ಹಿಂದೆ ನಿಂತರು. ಪಾಳಿ ಬಿಡುವ ಹೆಂಗಸರಲ್ಲ ಅವರು.

"ಯಾರ್ರೀ ನಿಮ್ಮನ್ನ ಕರ್ದಿದ್ದು? ಮೀಟಿಂಗು ನಡೀತೈತೆ!" ಅಂತ ಅಧ್ಯಕ್ಷೆಯ ಗಂಡ ಕೂಗಿದ.

"ನಮ್ಮ ಕೊಡಕ್ಕೆ ಬಂದಿದ್ದೀವಿ. ನೀನ್ಯಾರು ಕೇಳೋಕೆ? ಗೆದ್ದೋಳು ನಿನ್ನ ಹೆಂಡ್ತಿ!" ಅಂದಳು ಸಣ್ಣೀರಮ್ಮ.

ಕೋಣೆ ಗೊಳ್ಳೆಂದು ನಕ್ಕಿತು. ಆ ಗಲಾಟೆಯಲ್ಲೇ ಪರಮೇಶಿ ಪಿಸುಗುಟ್ಟಿದ. "ಬೇಗ ಬರ್ಕೊಳ್ರಿ, ಗೂಡಿಗೆ ಇನ್ನೊಂದು ಲೈನು."

ಹೆಂಗಸರಿಗೆ ಕೇಳಿಸಿತು. ಅವತ್ತಿನ ತನಕ ಆ ಕೋಣೆಯಲ್ಲಿ ಆಡಿದ ಒಂದು ಮಾತೂ ಅವರ ಕಿವಿಗೆ ಬಿದ್ದಿರಲಿಲ್ಲ. ಈಗ ಬಿತ್ತು.

"ಏನು? ಇನ್ನೊಂದಾ?" ಅಂದಳು ಈರಾಜಮ್ಮ. "ಲೇ ಮೂಡ್ಲ! ಹಿಂದಕ್ಕೆ ತಿರುಗಿ ನೋಡೋ! ನಿನ್ನ ಹಿಂದಿರೋರು ಕೈ ಎತ್ತಿದ್ರೆ ಎತ್ತು, ಎತ್ತದಿದ್ರೆ ಎತ್ತಬ್ಯಾಡ!"

"ಆಗ್ಲಿ ಕಣವ್ವ!"

"ಗೂಡಿಗೆ ಲೈನು ಬೇಕು ಅನ್ನೋರು?" ಅಂದ ಅಧ್ಯಕ್ಷೆಯ ಗಂಡ.

ಮೂಡ್ಲ ಹಿಂದೆ ನೋಡಿದ. ಒಂದು ಕೈಯೂ ಏಳಲಿಲ್ಲ. ಮೂಡ್ಲನದೂ ಏಳಲಿಲ್ಲ. ಅಷ್ಟು ಹೆಂಗಸರು ಕಣ್ಣು ಬಿಟ್ಟುಕೊಂಡು ನೋಡುತ್ತಿರುವಾಗ ಬೇರೆ ಮೆಂಬರುಗಳ ಕೈಗಳೂ ತೊಡೆಯ ಮೇಲೇ ಉಳಿದವು.

"ಕೆಳಗೇರಿಗೆ ನಲ್ಲಿ ಬೇಕು ಅನ್ನೋರು?" ಅಂತ ಅವನು ಬೇರೆ ದಾರಿಯಿಲ್ಲದೆ ಕೇಳಿದ.

ಈರಾಜಮ್ಮ ದಬ್ಬೆ ಕಟ್ಟಿದ ಕೈಯನ್ನೇ ಎತ್ತಿದಳು. ರಸ್ತೆಯ ತನಕ ಕೈಗಳು ಎದ್ದವು. ಮೂಡ್ಲ ಎರಡೂ ಕೈ ಎತ್ತಿದ. ಮೆಂಬರುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೈ ಎತ್ತಿದರು. ಬರೆಯುವವನು ಬರೆದ. ಪೈಪು ಬಂತು, ಬೀದಿಯ ನಡುವೆ ನಲ್ಲಿ ನಿಂತಿತು.

ಕತೆ ಇಲ್ಲೇ ಮುಗಿದಿದ್ದರೆ ನನಗೆ ಸಿಟ್ಟು ಯಾಕೆ ಬರುತ್ತಿತ್ತು?

ಮುಂದಿನ ಮೀಟಿಂಗು ಬಂತು. ನಲ್ಲಿಗೆ ದಿನಾ ನೀರೋ, ವಾರಕ್ಕೊಂದು ದಿನವೋ ಅನ್ನುವುದು ಅವತ್ತು ತೀರ್ಮಾನವಾಗಬೇಕು. ಕೆಳಗೇರಿಯವರು ದಾಸಣ್ಣನ ಕಟ್ಟೆಯ ಮೇಲೆ ಸೇರಿದರು.

"ಹೋದ ಸಾರಿ ಗೆದ್ವಲ್ಲ, ಹೆಂಗೆ ಗೆದ್ವಿ?" ಅಂದ ದಾಸಣ್ಣ.

"ಕೊಡ ಕಳ್ಸಿದ್ವಿ," ಅಂದಳು ಸಣ್ಣೀರಮ್ಮ.

"ಹಂಗಾದ್ರೆ ಕೊಡ ಕಳ್ಸಾನ."

"ನಾವೂ ಹೋಗ್ಬೇಕು ಕಣ್ರೋ!" ಅಂದಳು ಈರಾಜಮ್ಮ.

"ನಾವ್ಯಾಕೆ? ಕೂಲಿ ಕೆಡ್ಸಿಕೊಂಡು ಅಲ್ಲಿ ಯಾವನು ನಿಂತ್ಕೊತಾನೆ? ಕೊಡ ಐತಲ್ಲ. ಓಟು ಹಾಕಿ ಮೆಂಬರ್ನೂ ಇಟ್ಟಿದ್ದೀವಲ್ಲ. ಅವೆರಡೂ ನೋಡ್ಕೊತವೆ."

ಇದನ್ನು ಹೇಳಿದವನು ಮೂಡ್ಲ ಅಲ್ಲ. ಇಡೀ ಕೆಳಗೇರಿ. ಕೈ ಇನ್ನೂ ಕೂಡದ ಈರಾಜಮ್ಮ ಒಬ್ಬಳೇ ಎಷ್ಟು ಕೂಗಿಯಾಳು? ಕೊಡಗಳನ್ನು ತೊಳೆದು, ಗಾಡಿಗೆ ತುಂಬಿ, ಅರಿಶಿನ ಕುಂಕುಮ ಹಚ್ಚಿ ಮೂಡ್ಲನ ಜೊತೆ ಕಳಿಸಿಕೊಟ್ಟರು. ಮೂಡ್ಲ ಪಾಳಿ ತಪ್ಪದ ಹಾಗೆ ಜೋಡಿಸಿದ. ಕುರ್ಚಿಯಲ್ಲಿ ಕೂತ.

"ಕೆಳಗೇರಿ ನಲ್ಲಿಗೆ ವಾರಕ್ಕೊಂದು ದಿನ ನೀರು, ಉಳಿದದ್ದು ಪರಮೇಶಣ್ಣನ ಗೂಡಿಗೆ. ಒಪ್ಪಿಗೆ ಇರೋರು?"

ಮೂಡ್ಲ ಹಿಂದಕ್ಕೆ ತಿರುಗಿ ನೋಡಿದ. ಕೊಡಗಳು. ಕೊಡಗಳಿಗೆ ಕೈ ಎಲ್ಲಿ? ಮೂಡ್ಲ ಎತ್ತಲಿಲ್ಲ. ಬೇರೆ ಮೆಂಬರುಗಳೂ ಹಿಂದೆ ನೋಡಿದರು. ಅವರನ್ನು ನೋಡುವ ಕಣ್ಣು ಒಂದೂ ಇರಲಿಲ್ಲ. ಎತ್ತಿದರು.

"ಬ್ಯಾಡ ಅನ್ನೋರು?"

ಮೂಡ್ಲ ಮತ್ತೆ ತಿರುಗಿ ನೋಡಿದ. ಬಹಳ ಹೊತ್ತು ನೋಡಿದ. ಒಂದು ಕೊಡವಾದರೂ ಅಲ್ಲಾಡಲಿಲ್ಲ.

"ಯಾರೂ ಇಲ್ಲ, ಬರ್ಕೊಳ್ರಿ!"

ಅದೇ ಹೊತ್ತಿಗೆ ನೀರುಗಂಟಿ ಹೊಸ ನಲ್ಲಿಗೆ ಮೊದಲನೇ ಸಾರಿ ನೀರು ಬಿಟ್ಟ. ದಪ್ಪನೆಯ ಧಾರೆ, ಬೆಳ್ಳಗೆ, ಭರ್ರೆಂದು ಬಂತು. ಕೆಳಗೇರಿಯೆಲ್ಲ ಓಡಿ ಬಂತು, ಕೇಕೆ ಹಾಕಿತು, ಬಗ್ಗಿ ನೋಡಿತು. ಹಿಡಿಯುವುದಕ್ಕೆ ಒಂದು ಕೊಡವಿಲ್ಲ. ಎಲ್ಲ ಮೀಟಿಂಗಿಗೆ ಹೋಗಿವೆ! ಸಣ್ಣೀರಮ್ಮ ಸೌಟು ತಂದಳು, ದಾಸಣ್ಣ ಕ್ಷೌರದ ಬಟ್ಟಲು ಹಿಡಿದ. ವಾರದ ನೀರು ಚರಂಡಿಗೆ ಹರಿದುಹೋಯಿತು. ಈರಾಜಮ್ಮ ಮುರಿಯದ ಕೈಯನ್ನು ನಲ್ಲಿಯ ಕೆಳಗೆ ಹಿಡಿದು ಒಂದು ಬೊಗಸೆಯೂ ತುಂಬದೆ ನಿಂತಳು.

ಅಷ್ಟರಲ್ಲಿ ಮೂಡ್ಲ ಖಾಲಿ ಕೊಡಗಳ ಗಾಡಿ ತಳ್ಳಿಕೊಂಡು ಬಂದ.

"ಏನಾಯ್ತಪ್ಪ?" ಅಂದಳು ತಾಯಿ.

"ನೀನು ಹೇಳ್ದಂಗೇ ಹಿಂದೆ ತಿರುಗಿ ನೋಡ್ದೆ ಕಣವ್ವ," ಅಂದ ಮೂಡ್ಲ. "ಯಾರೂ ಇರ್ಲಿಲ್ಲ."

ಈರಾಜಮ್ಮ ಮಗನನ್ನು ಬೈಯಲಿಲ್ಲ. ಬೈಯುವ ಶಕ್ತಿ ಈ ಸಾರಿ ಇತ್ತು, ಆದರೂ ಬೈಯಲಿಲ್ಲ. ಬೀದಿಯ ಕಡೆ ತಿರುಗಿದಳು. "ಅಯ್ಯೋ ನಿಮ್ಮ ಬಾಯಿಗೆ ಮಣ್ಣು ಹಾಕ!" ಅಂದಳು.

ಅದು ನಿಮಗೂ ಹೇಳಿದ ಮಾತು. ನಿಮ್ಮ ಊರಿನ ಪಂಚಾಯ್ತಿ ಮೀಟಿಂಗು ಯಾವತ್ತು? ಗೊತ್ತಿಲ್ಲ. ನಿಮ್ಮ ಮೆಂಬರು ಹೋದ ಸಾರಿ ಯಾವುದಕ್ಕೆ ಕೈ ಎತ್ತಿದ? ಗೊತ್ತಿಲ್ಲ. ಅವನ ಪಕ್ಕದ ಕುರ್ಚಿಯಲ್ಲಿ ಕೂತು ಅವನ ಕಿವಿಯಲ್ಲಿ ಮಾತಾಡುತ್ತಿರುವವನು ಯಾರು? ಅದೂ ಗೊತ್ತಿಲ್ಲ. ನಿಮ್ಮ ಓಟು ಅಲ್ಲಿ ನಿಮ್ಮ ಪಾಳಿ ಹಿಡಿದುಕೊಂಡು ಖಾಲಿ ಕೊಡದ ಹಾಗೆ ನಿಂತಿದೆ. ಅದಕ್ಕೆ ಕೈ ಇಲ್ಲ, ಬಾಯಿ ಇಲ್ಲ, ಕಣ್ಣಿಲ್ಲ. ಅವು ಇರುವುದು ನಿಮಗೆ.

ಈ ಕಾಗದ ಕೆಳಗಿಡಿ. ಪಂಚಾಯ್ತಿ ಆಫೀಸಿಗೆ ಹೋಗಿ, ಮುಂದಿನ ಮೀಟಿಂಗು ಯಾವತ್ತು ಅಂತ ಕೇಳಿ. ಆ ದಿನ ಪಕ್ಕದ ಮನೆಯವರನ್ನೂ ಕರೆದುಕೊಂಡು ಹೋಗಿ ನಿಮ್ಮ ಮೆಂಬರಿನ ಹಿಂದೆ ನಿಂತುಕೊಳ್ಳಿ. ಅವನು ತಿರುಗಿ ನೋಡಿದಾಗ ಅಲ್ಲಿ ನೀವು ಇರಬೇಕು. ಏಳಿ!